ಸಾಂಗ್ಲಿಗೆ ಹೋದ ಪದ, ಹುಬ್ಬಳ್ಳಿಗೆ ಬಂದ ಮಟ್ಟು

ಮಹಾರಾಷ್ಟ್ರದಲ್ಲಿ ನವೆಂಬರ್ 5 ಮರಾಠಿ ರಂಗಭೂಮಿ ದಿನ. 1843ರಲ್ಲಿ ಅದೇ ದಿನ ಸಾಂಗ್ಲಿಯಲ್ಲಿ ವಿಷ್ಣುದಾಸ ಭಾವೆಯವರ ‘ಸೀತಾ ಸ್ವಯಂವರ’ ಆಡಲ್ಪಟ್ಟಿತು. ಆ ಪ್ರಯೋಗದ ಬೇರು ನಮ್ಮ ಹೊನ್ನಾವರದ ಕಡೆಗಿದೆ ಎಂಬುದನ್ನು ಮರಾಠಿಯ ನಾಟಕ ಚರಿತ್ರೆಕಾರರೇ ಬರೆದಿಟ್ಟಿದ್ದಾರೆ. ಅದರ ಹಿಂದಿನ ವರ್ಷ, 1842ರಲ್ಲಿ, ಉತ್ತರ ಕನ್ನಡದ ಕರ್ಕಿ ಕಡೆಯ ಭಾಗವತರ ಯಕ್ಷಗಾನ ಮೇಳವೊಂದು ಘಟ್ಟ ಹತ್ತಿ ಸಾಂಗ್ಲಿಗೆ ಹೋಗಿ ಅಲ್ಲಿಯ ಸಂಸ್ಥಾನಿಕ ಚಿಂತಾಮಣರಾವ್ ಪಟವರ್ಧನರ ಮುಂದೆ ಆಟ ಆಡಿತು. ಆಟದ ಭಾಷೆ ಕನ್ನಡ, ದರ್ಬಾರಿನ ಭಾಷೆ ಮರಾಠಿ. ನೋಡಿದ ದೊರೆಗೆ ಆಟ ಹಿಡಿಸಿತು. ಇಂಥದ್ದನ್ನು ನಮ್ಮ ಮಾತಿನಲ್ಲಿ ಮಾಡಿಕೊಡು ಎಂದು ತಮ್ಮ ಆಶ್ರಯದಲ್ಲಿದ್ದ ಭಾವೆಗೆ ಹೇಳಿದರು. ಗೊಂಬೆ ಮಾಡುವುದು, ಪದ ಕಟ್ಟುವುದು ಎರಡರಲ್ಲೂ ಕೈಯಿದ್ದ ತರುಣ ಭಾವೆ.

ಆ ರಾತ್ರಿ ಸಾಂಗ್ಲಿಯ ಮಂದಿಗೆ ಏನು ತಿಳಿದಿರಬಹುದು? ಕೃಷ್ಣೆಯ ದಂಡೆಯ ಆ ಸೀಮೆಯಲ್ಲಿ ಕನ್ನಡ ಕಿವಿಗೆ ಬೀಳದ ಊರೇನೂ ಅಲ್ಲ ಅದು. ಆದರೂ ಕರಾವಳಿಯ ಮೇಳದವರ ಅರ್ಥಗಾರಿಕೆ, ಆಶುವಾಗಿ ಹರಿಯುವ ಆ ಮಾತು, ಮರಾಠಿ ಸರದಾರರಿಗೆ ಪೂರಾ ದಕ್ಕಿರಲು ಸಾಧ್ಯವಿಲ್ಲ. ದಕ್ಕಿದ್ದು ಉಳಿದದ್ದೆಲ್ಲ. ರಾಮಾಯಣ, ಭಾರತದ ಕಥೆ ಅವರಿಗೂ ಮನೆಯದೇ. ಗಣಪತಿ ಬಂದ, ಸರಸ್ವತಿ ಬಂದಳು, ಕೈ ಮುಗಿಯಬೇಕು ಎಂದು ಯಾರೂ ಬಿಡಿಸಿ ಹೇಳಬೇಕಿಲ್ಲ. ರಾಕ್ಷಸ ಆರ್ಭಟಿಸುತ್ತ ಪರದೆ ಸರಿಸಿದರೆ ಮಕ್ಕಳು ಹೆದರಲೇಬೇಕು. ಭಾಗವತರ ಪದದಲ್ಲಿ ಶೋಕವಿದೆಯೋ ವೀರವಿದೆಯೋ ಎಂಬುದು ರಾಗದಿಂದ, ಮದ್ದಳೆಯ ನಡೆಯಿಂದ ಗೊತ್ತಾಗುತ್ತದೆ.

ಭಾವೆ ಮರಾಠಿಗೆ ಒಯ್ದದ್ದನ್ನು ಗಮನಿಸಿದರೆ ಅವರ ಕಣ್ಣು ಎಲ್ಲಿ ನೆಟ್ಟಿತ್ತು ಎಂದು ಸ್ಪಷ್ಟವಾಗುತ್ತದೆ. ಅವರ ನಾಟಕದಲ್ಲಿ ಪದಗಳನ್ನೆಲ್ಲ ಹಾಡುವವ ಸೂತ್ರಧಾರ. ಪಾತ್ರಧಾರಿ ಆ ಪದದ ಬೆನ್ನಿಗೆ ತನ್ನ ಮಾತನ್ನು ಅಲ್ಲೇ ಹೊಸೆದು ಹೇಳುತ್ತಾನೆ. ಮೊದಲಿಗೆ ಗಣಪತಿ, ಸರಸ್ವತಿ, ವಿದೂಷಕ. ಆಮೇಲೆ ರಾಕ್ಷಸರ ಕೂಗು. ಆ ಕೂಗಿನ ಮೇಲಿಂದಲೇ ಮುಂದಿನ ತಲೆಮಾರಿನ ಮರಾಠಿ ಟೀಕಾಕಾರರು ಆ ನಾಟಕಗಳಿಗೆ ‘ಅಲಲಡುರ್ರ’ ಎಂದು ಅಡ್ಡಹೆಸರಿಟ್ಟರು. ಯಕ್ಷಗಾನ ಕಂಡ ಯಾರಿಗೂ ಇದರ ಮೈಕಟ್ಟು ಅಪರಿಚಿತವಲ್ಲ. ಕನ್ನಡದ ಮಾತನ್ನು ಬಿಟ್ಟು ಮಿಕ್ಕ ಆಟವನ್ನೆಲ್ಲ ಭಾವೆ ತೆಗೆದುಕೊಂಡರು.

ನಾನು ಪೇಟಿ, ಅಂದರೆ ಹಾರ್ಮೋನಿಯಂ, ಬಾರಿಸುವವ, ಹುಬ್ಬಳ್ಳಿಯವ. ಕಂಪನಿ ನಾಟಕಗಳಲ್ಲಿ ಕೂತು ಬಾರಿಸಿದ್ದೇನೆ, ಕಂಪನಿಗಳು ಮುಚ್ಚಿದ ಮೇಲೆ ರಂಗಗೀತೆಗಳ ಕಾರ್ಯಕ್ರಮಗಳಲ್ಲಿ ಬಾರಿಸುತ್ತಿದ್ದೇನೆ. ಮೀರಜ, ಸಾಂಗ್ಲಿ, ಕೊಲ್ಹಾಪುರದ ಮರಾಠಿ ಶ್ರೋತೃಗಳ ಮುಂದೆ ಕನ್ನಡ ರಂಗಗೀತೆಗಳನ್ನು ಪೋಣಿಸಿ ಒಂದು ಸಂಜೆ ನಡೆಸುವ ಕೆಲಸ ಬಂದಾಗಲೆಲ್ಲ ಈ ಚರಿತ್ರೆ ನನಗೆ ಪುಸ್ತಕದ ವಿಷಯವಾಗಿ ಉಳಿಯುವುದಿಲ್ಲ. ಭಾಷೆ ಬಾರದವರ ಮುಂದೆ ಹಾಡಿನ ನಾಟಕ ಆಡಿ ಗೆಲ್ಲುವ ವಿದ್ಯೆಯೇ ನಮ್ಮ ವೃತ್ತಿ ರಂಗಭೂಮಿಯ ತಾಯಿಬೇರು ಎಂದು ನಾನು ನಂಬಿದ್ದೇನೆ. ಕನ್ನಡದ ವೃತ್ತಿ ನಾಟಕ ಮರಾಠಿಯ ದಬ್ಬಾಳಿಕೆಯ ಮೇಲಿನ ಸಿಟ್ಟಿನಿಂದ ಹುಟ್ಟಿತು ಎಂದು ಬರೆಯುವ ರೂಢಿ ಇದೆ. ಸಿಟ್ಟು ಇತ್ತು, ಅದಕ್ಕೆ ಕಾರಣವೂ ಇತ್ತು. ಆದರೆ ಸಿಟ್ಟಿಗಿಂತ ಮೊದಲು ಕಿವಿ ಸೋತಿತ್ತು.

ಚಿಂತಾಮಣರಾವ್ 1851ರಲ್ಲಿ ತೀರಿಕೊಂಡರು. ದರ್ಬಾರಿನ ಆಶ್ರಯ ತಪ್ಪಿದ ಭಾವೆ ಹೊಟ್ಟೆಪಾಡಿಗಾಗಿ ತಂಡ ಕಟ್ಟಿಕೊಂಡು ಊರೂರು ತಿರುಗಿದರು. 1853ರಲ್ಲಿ ಮುಂಬಯಿ ಮುಟ್ಟಿದರು. ಅಲ್ಲಿ ಅವರ ಎದುರು ಕೂತವರು ಪಾರಸಿಗಳು, ಗುಜರಾತಿಗಳು, ಮರಾಠಿಗರು, ಬೋಹ್ರಾ ವರ್ತಕರು. ಭಾವೆ ಅವರಿಗಾಗಿ ‘ರಾಜಾ ಗೋಪಿಚಂದ’ವನ್ನು ಹಿಂದುಸ್ತಾನಿಯಲ್ಲಿ ಆಡಿಸಿದರು. ಕನ್ನಡದ ಆಟ ಮರಾಠಿಯಾಗಿ, ಆ ಮರಾಠಿ ತಂಡ ಹಿಂದುಸ್ತಾನಿಯಲ್ಲಿ ಆಡುವುದಕ್ಕೆ ಹನ್ನೊಂದೇ ವರ್ಷ ಸಾಕಾಯಿತು.

ಮುಂಬಯಿಯಲ್ಲಿ ಪಾರಸಿಗಳ ನಾಟಕ ತಂಡಗಳು ಮೊಳೆತದ್ದೂ ಅದೇ 1853ರಲ್ಲಿ. ಅದೇ ಕಾಲಕ್ಕೆ ಲಖನೌದಲ್ಲಿ ಆಗಾ ಹಸನ್ ಅಮಾನತ್ ‘ಇಂದರ್ ಸಭಾ’ ಬರೆದರು. ಪರಭಾಷೆಯ ಊರಿಗೆ ಹಾಡು ಒಯ್ಯುವವರು ಈ ಕೃತಿಯನ್ನು ಒಮ್ಮೆ ಬಿಡಿಸಿ ನೋಡಬೇಕು. ಗುಲ್ಫಾಮ್ ಎಂಬ ರಾಜಕುಮಾರನ ಮೇಲೆ ಪರಿಯೊಬ್ಬಳಿಗೆ, ಅಂದರೆ ಅಪ್ಸರೆಗೆ, ಮನಸ್ಸಾಗುವ ತೆಳುವಾದ ಕಥೆ ಅದರಲ್ಲಿದೆ, ನಿಜ. ಅದಕ್ಕೂ ಮೊದಲು ಇಂದ್ರನ ಸಭೆ ಕೂಡುತ್ತದೆ, ಪರಿಗಳು ಒಬ್ಬೊಬ್ಬರಾಗಿ ಬರುತ್ತಾರೆ. ಪುಖರಾಜ ಪರಿ, ನೀಲಮ್ ಪರಿ, ಲಾಲ್ ಪರಿ, ಕೊನೆಗೆ ಸಬ್ಜ್ ಪರಿ. ಒಬ್ಬೊಬ್ಬಳಿಗೆ ಒಂದೊಂದು ಬಣ್ಣ. ಒಬ್ಬೊಬ್ಬಳೂ ಬಂದು ಗಜಲು, ಠುಮರಿ, ಹೋಳಿಯ ಹಾಡು ಎಂದು ಒಂದು ಸರಣಿಯನ್ನೇ ಹಾಡುತ್ತಾಳೆ. ಈಗಿನವರು ಸಂಗೀತ ರಸಮಂಜರಿ ಎನ್ನುತ್ತಾರಲ್ಲ, ನಾಟಕದ ಉಡುಪು ತೊಟ್ಟ ಅಂಥದೇ ರಸಮಂಜರಿ ಅದು. ಉರ್ದು ಬಾರದವನಿಗೂ ಹಳದಿ ಸೀರೆಯವಳು ಹೋಗಿ ನೀಲಿಯವಳು ಬಂದಳು ಎಂದು ಗೊತ್ತಾಗುತ್ತದೆ. ಮುಂದಿನವಳು ಯಾವ ರಾಗ ಎತ್ತುತ್ತಾಳೋ ಎಂಬ ಕುತೂಹಲಕ್ಕೆ ಭಾಷೆಯ ಹಂಗಿಲ್ಲ.

ಪಾರಸಿ ಕಂಪನಿಗಳು ಈ ಪರಿಗಳನ್ನು ಕಟ್ಟಿಕೊಂಡು ದೇಶವೆಲ್ಲ ತಿರುಗಿದವು. ಸಿಂಹಳಕ್ಕೆ ಹೋದವು, ಮಲಯಕ್ಕೆ ಹೋದವು. ಕೊಲಂಬೊದಲ್ಲಿ ಇವರ ಆಟ ನೋಡಿ ಸಿಂಹಳದವರು ‘ನೂರ್ತಿ’ ಕಟ್ಟಿಕೊಂಡರು. ಪಿನಾಂಗಿನಲ್ಲಿ ಮಲಯದವರು ‘ಬಂಗ್ಸಾವಾನ್’ ಕಟ್ಟಿಕೊಂಡರು. ಖುರ್ಶೇದಜಿ ಬಾಲಿವಾಲಾ ತಮ್ಮ ವಿಕ್ಟೋರಿಯಾ ಕಂಪನಿಯನ್ನು 1881ರಲ್ಲಿ ಬರ್ಮಾದ ಮಂಡಾಲೆಗೆ ಒಯ್ದು ಥೀಬಾ ಅರಸನ ಎದುರು ಆಡಿಸಿದರು. ಕೈತುಂಬ ಸನ್ಮಾನ ಪಡೆದು ಬಂದರು. ಆಮೇಲೆ 1885ರ ಸುಮಾರಿಗೆ ಲಂಡನ್ನಿಗೆ ಹೋದರು. ಅಲ್ಲಿ ಆದದ್ದು ನಷ್ಟ.

ನಾನು ಈ ಎರಡು ಯಾತ್ರೆಗಳನ್ನು ಮತ್ತೆ ಮತ್ತೆ ಹೋಲಿಸಿ ನೋಡುತ್ತೇನೆ. ಬರ್ಮೀಯರಿಗೆ ಹಿಂದುಸ್ತಾನಿ ಬರುತ್ತಿರಲಿಲ್ಲ, ಲಂಡನ್ನಿನವರಿಗೂ ಬರುತ್ತಿರಲಿಲ್ಲ. ಆದರೆ ಬರ್ಮೀಯರಿಗೆ ತಮ್ಮದೇ ಆದ ‘ಜಾತ್ ಪ್ವೆ’ ಇತ್ತು. ಜಾತಕ ಕಥೆಗಳನ್ನು ಹಾಡು ಕುಣಿತದಲ್ಲಿ ಬೆಳತನಕ ಆಡುವುದು, ಊರಿಗೆ ಊರೇ ಚಾಪೆ ಹಾಸಿಕೊಂಡು ಕೂತು ನೋಡುವುದು ಅಲ್ಲಿಯ ರೂಢಿ. ನಾಟಕದ ನಡುವೆ ಪಾತ್ರಧಾರಿ ನಿಂತುಬಿಟ್ಟು ಹಾಡಿದರೆ ಕಥೆ ನಿಂತಿತೆಂದು ಅವರು ತಳಮಳಗೊಳ್ಳುವವರಲ್ಲ. ಲಂಡನ್ನಿನ ನಾಟ್ಯಗೃಹಕ್ಕೆ ಬರುವವರಿಗೆ ಹಾಗೆ ಕೂತು ನೋಡುವ ಅಭ್ಯಾಸವಿರಲಿಲ್ಲ, ಆ ರಾಗಗಳ ಗುರುತೂ ಇರಲಿಲ್ಲ. ಮಾತು ತಿಳಿಯದಿದ್ದರೆ ಹಾಡು ಸಾಕು ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಹಾಡನ್ನು ಕೇಳುವುದಕ್ಕೂ ಒಂದು ಬಳಕೆ ಬೇಕು. ಆ ಬಳಕೆ ಎರಡೂ ಕಡೆ ಇದ್ದಲ್ಲಿ ಮಾತ್ರ ಕಂಪನಿಗೆ ಗಲ್ಲಾ ತುಂಬಿತು.

ಮರಾಠಿ ಮತ್ತು ಕನ್ನಡದ ನಡುವೆ ಅಂಥ ಬಳಕೆ ಧಾರಾಳವಾಗಿತ್ತು. ಮರಾಠಿ ಸಂಗೀತ ನಾಟಕ ಕಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ, 1843ರಲ್ಲೇ. 1885ರಲ್ಲಿ ತೀರಿಕೊಂಡದ್ದೂ ಅದೇ ಊರಿನಲ್ಲಿ. ಸುತ್ತಮುತ್ತೆಲ್ಲ ಕನ್ನಡ. ಪುಣೆಯಲ್ಲಿ ಪಾರಸಿಗಳ ‘ಇಂದ್ರಸಭಾ’ ನೋಡಿ ಅವರಿಗೆ ಸಂಗೀತ ನಾಟಕದ ಹುಚ್ಚು ಹಿಡಿಯಿತು ಎಂಬುದು ಮರಾಠಿ ರಂಗಭೂಮಿಯಲ್ಲಿ ಎಲ್ಲರೂ ಹೇಳುವ ಕಥೆ. 1880ರ ಅಕ್ಟೋಬರ್ 31ರಂದು ಪುಣೆಯಲ್ಲಿ ಅವರ ‘ಸಂಗೀತ ಶಾಕುಂತಲ’ದ ಮೊದಲ ಅಂಕಗಳು ರಂಗಕ್ಕೆ ಬಂದವು. ಭಾವೆಯ ಸೂತ್ರಧಾರ ಇಲ್ಲಿ ಹಿಂದೆ ಸರಿದ. ಶಕುಂತಲೆಯ ಪದವನ್ನು ಶಕುಂತಲೆಯೇ ಹಾಡಿದಳು, ದುಷ್ಯಂತನದನ್ನು ದುಷ್ಯಂತ. 1882ರಲ್ಲಿ ‘ಸೌಭದ್ರ’ ಬಂತು. ಈ ಪದಗಳಿಗೆ ಕಿರ್ಲೋಸ್ಕರರು ಹಾಕಿದ ಚಾಲುಗಳಲ್ಲಿ ಹಿಂದುಸ್ತಾನಿ ಬಂದಿಶುಗಳಿವೆ, ಲಾವಣಿ ಇದೆ, ಸಾಕಿ, ದಿಂಡಿ ಎಂಬ ಮರಾಠಿ ಛಂದಸ್ಸುಗಳಿವೆ. ತಾನು ಬೆಳೆದ ಸೀಮೆಯ ಕನ್ನಡ ಧಾಟಿಗಳೂ ಇವೆ. ಹುಬ್ಬಳ್ಳಿಯ ಮಂದಿ ‘ಸೌಭದ್ರ’ಕ್ಕೆ ಮರುಳಾದರು ಎಂದರೆ ಅವರ ಮಡಿಲಿಂದ ಹೋದದ್ದರಲ್ಲಿ ಒಂದಿಷ್ಟು ತಿರುಗಿ ಬಂದಿತ್ತು.

1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಈ ಭಾಗದಲ್ಲಿ ಹಳಿ ಹಾಕಿತು. ಪುಣೆ, ಮೀರಜ, ಬೆಳಗಾವಿ, ಧಾರವಾಡ, ಹುಬ್ಬಳ್ಳಿ, ಗದಗ ಒಂದೇ ದಾರಿಯ ಊರುಗಳಾದವು. ಚಕ್ಕಡಿಯ ಮೇಲೆ ಸಾಗಬೇಕಿದ್ದ ಪರದೆ, ಕಿರೀಟದ ಪೆಟ್ಟಿಗೆ, ಅಡಿಗೆಯ ಭಾಂಡೆಗಳೆಲ್ಲ ಗೂಡ್ಸ್ ಡಬ್ಬಿ ಏರಿದವು. ಕಂಪನಿ ಒಂದು ಊರಿಗೆ ಬಂದರೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಕ್ಯಾಂಪು.

ಕನ್ನಡ ಊರುಗಳಲ್ಲಿ ಈ ಮರಾಠಿ ನಾಟಕ ನೋಡಿದವರು ಯಾರು? ಧಾರವಾಡದ ವಕೀಲರು, ಕಾರಕೂನರು, ಮಾಸ್ತರರು ಮರಾಠಿ ಬಲ್ಲವರೇ. ನಮ್ಮ ಭಾಗದ ಮುಂಬಯಿ ಸರಕಾರದ ಶಾಲೆಗಳಲ್ಲಿ ಹತ್ತೊಂಬತ್ತನೆಯ ಶತಮಾನದ ನಡುವಿನವರೆಗೂ ಮರಾಠಿಯದೇ ಮೇಲುಗೈ. ಡೆಪ್ಯುಟಿ ಚನ್ನಬಸಪ್ಪನವರು ಹಟ ಹಿಡಿದು ಕನ್ನಡ ಶಾಲೆಗಳನ್ನು ಬೆಳೆಸುವವರೆಗೆ ಓದು ಬರಹವೆಂದರೆ ಮರಾಠಿ ಎಂಬಂತಿತ್ತು. ಹಾಗಾಗಿ ಮುಂದಿನ ಕುರ್ಚಿಗಳಲ್ಲಿ ಕೂತವರಿಗೆ ಭಾಷೆಯ ತೊಡಕಿಲ್ಲ. ಹಿಂದೆ ನೆಲದ ಮೇಲೆ ಕೂತ ನೇಕಾರರು, ಹತ್ತಿ ಅಂಗಡಿಯ ಹಮಾಲರು, ರೈಲ್ವೆ ವರ್ಕ್‌ಶಾಪಿನವರು, ಹೆಂಗಸರು, ಇವರೇ ನನ್ನ ಲೆಕ್ಕಕ್ಕೆ ನಿಜವಾದ ಪರಭಾಷೆಯ ಪ್ರೇಕ್ಷಕರು. ಇವರಿಲ್ಲದೆ ಯಾವ ಕಂಪನಿಯೂ ತಿಂಗಳುಗಟ್ಟಲೆ ನಿಲ್ಲಲಾರದು.

ನಮ್ಮ ಆಯಿ ಅಂಥ ಹೆಂಗಸರಲ್ಲಿ ಒಬ್ಬಳು. ಮರಾಠಿಯಲ್ಲಿ ನೀರು ಕೇಳಲಿಕ್ಕೂ ಬಾರದವಳು ‘ಸೌಭದ್ರ’ದ ಪದಗಳನ್ನು ರೊಟ್ಟಿ ಬಡಿಯುತ್ತ ಸಾಲು ತಪ್ಪದೆ ಹಾಡುತ್ತಿದ್ದಳು. ಶಬ್ದಗಳೆಲ್ಲ ಅವಳ ಬಾಯಲ್ಲಿ ತಿರುವುಮುರುವಾಗಿದ್ದವು, ಸ್ವರ ಮಾತ್ರ ಎಲ್ಲೂ ಸರಿದಿರಲಿಲ್ಲ. ಅರ್ಥ ಹೆಂಗ ಆಗತಿತ್ತು ಎಂದು ಕೇಳಿದರೆ, “ಅಣ್ಣ ದುರ್ಯೋಧನಗ ಕೊಡತೇನಿ ಅಂತಾನ, ಹುಡುಗಿ ಅರ್ಜುನನ ಸಲುವಾಗಿ ಅಳತಾಳ. ಇಷ್ಟು ತಿಳಿಯಾಕ ಮರಾಠಿ ಯಾಕ ಬೇಕೋ ತಮ್ಮಾ?” ಅನ್ನುತ್ತಿದ್ದಳು. ಕಥೆಯ ಆಯ್ಕೆಯಲ್ಲಿಯೇ ಕಂಪನಿಯವರು ಅರ್ಧ ಕೆಲಸ ಮುಗಿಸಿರುತ್ತಿದ್ದರು. ಸಾಮಾಜಿಕ ನಾಟಕಕ್ಕೆ ಪುಣೆ, ಮುಂಬಯಿ. ಕನ್ನಡ ಸೀಮೆಗೆ ಇಳಿದಾಗ ಸುಭದ್ರೆ, ಶಕುಂತಲೆ, ರುಕ್ಮಿಣಿಯರೇ ಮುಂದೆ.

ಉಳಿದರ್ಧ ಕೆಲಸ ರಂಗದ ಮುಂದೆ ನಡೆಯುತ್ತಿತ್ತು, ಅದು ನಮ್ಮಂಥವರ ಕಸಬು. ಲೆಗ್ ಹಾರ್ಮೋನಿಯಂ ಇಡುವುದು ರಂಗದ ಕೆಳಗೆ, ಪ್ರೇಕ್ಷಕರಿಗೆ ಬೆನ್ನು ಮಾಡಿ. ಪೇಟಿ ಮಾಸ್ತರ ಎರಡೂ ಕಾಲಿನಿಂದ ಗಾಳಿ ಒತ್ತುತ್ತ, ಎರಡೂ ಕೈ ಮನೆಗಳ ಮೇಲಿಟ್ಟು, ಕಣ್ಣನ್ನು ನಟನ ಎದೆಯ ಮೇಲೆ ಇಟ್ಟಿರಬೇಕು. ಎದೆ ಏರಿತು ಎಂದರೆ ಎತ್ತುಗಡೆ ಬಂತು. ಮಾತು ಮುಗಿದು ಪದ ಶುರುವಾಗುವ ಮುಂಚಿನ ಆ ಹೊತ್ತಿನಲ್ಲಿ ಮಾಸ್ತರ ಪದದ ಮೊದಲ ಸಾಲನ್ನು ಪೇಟಿಯಲ್ಲಿ ಒಮ್ಮೆ ಬಿಡಿಸುತ್ತಾನೆ. ಭಾಷೆ ಬಲ್ಲವರಿಗೆ ಅದು ಬರೀ ಪೀಠಿಕೆ. ಬಾರದವರಿಗೆ ಅದೇ ಡಂಗುರ: ಈಗ ಬರುವುದು ಆ ಪದ, ಹೋದ ಶನಿವಾರ ಕೇಳಿದ್ದು, ಓಣಿಯಲ್ಲಿ ಹುಡುಗರು ಶಿಳ್ಳೆ ಹಾಕಿದ್ದು. ನಟ ಬಾಯಿ ತೆಗೆಯುವ ಮುಂಚೆಯೇ ನೆಲದ ಮಂದಿ ಚಪ್ಪಾಳೆ ಹಾಕಿರುತ್ತಾರೆ. ಹಾಡು ಮುಗಿದರೆ ‘ಒನ್ಸ್‌ಮೋರ್’. ಒಂದೇ ಪದವನ್ನು ಮೂರು, ನಾಲ್ಕು ಸಲ ಹಾಡಿಸಿ ನಾಟಕದ ಗತಿ ಕೆಡಿಸಿದರು ಎಂದು ಪಂಡಿತರು ಬೈದಿದ್ದಾರೆ. ಅವರು ಒಂದನ್ನು ಮರೆತಿದ್ದಾರೆ. ಭಾಷೆ ಬಾರದವನಿಗೆ ಹಾಡು ಕಲಿಯಲು ಇರುವ ದಾರಿ ಮರಳಿ ಕೇಳುವುದೊಂದೇ. ಗ್ರಾಮಫೋನು ಮನೆಗೆ ಬರುವ ಮುಂಚಿನ ಕಾಲವದು.

ಮರಾಠಿ ಗಾಯಕನಟ ಬಾಲಗಂಧರ್ವರ ಕಾಲಕ್ಕೆ ಈ ಮೋಹ ಶಿಖರ ಮುಟ್ಟಿತು. 1913ರಲ್ಲಿ ಅವರ ಗಂಧರ್ವ ನಾಟಕ ಮಂಡಳಿ ಶುರುವಾಯಿತು. ಮುಂದೆ ತಬಲಾಕ್ಕೆ ಅಹ್ಮದಜಾನ್ ಥಿರಕವಾ ಅಂಥವರೇ ಬಂದು ಕೂತರು. ಬಾಲಗಂಧರ್ವರ ಗುರು ಭಾಸ್ಕರಬುವಾ ಬಖಲೆ ಕೆಲವು ವರ್ಷ ಧಾರವಾಡದಲ್ಲಿ ಸಂಗೀತ ಶಿಕ್ಷಕರಾಗಿದ್ದವರು. 1916ರ ‘ಸ್ವಯಂವರ’ದ ಪದಗಳಿಗೆ ರಾಗ ಕೂಡಿಸಿದವರು ಅವರೇ. ಆ ನಾಟಕದ ರುಕ್ಮಿಣಿಯ ಪದಗಳಲ್ಲಿ ಭೀಮಪಲಾಸಿ, ಯಮನ್, ಭೂಪ್ ರಾಗಗಳು ನಿಚ್ಚಳವಾಗಿ ನಿಂತಿವೆ. ಧಾರವಾಡದಲ್ಲಿ ಮನೆಮನೆಯಲ್ಲಿ ಖ್ಯಾಲ್ ಕೇಳುವ ಕಿವಿ ಹೇಗೆ ತಯಾರಾಯಿತು ಎಂದು ಕೇಳುವವರಿಗೆ ಉಸ್ತಾದರ, ಗವಾಯಿಗಳ ಹೆಸರು ಹೇಳುತ್ತೇವೆ, ಅದು ಸರಿ. ಅವರ ಜೊತೆಗೆ ಈ ನಾಟಕದ ಥೇಟರುಗಳನ್ನೂ ಹೆಸರಿಸಬೇಕು.

ಈಗ ಸಿಟ್ಟಿನ ವಿಷಯ. ಸಾಂಗ್ಲಿಯ ಮಾದರಿಯ ಮರಾಠಿ ಮಂಡಳಿಗಳು ಕಿರ್ಲೋಸ್ಕರರಿಗಿಂತ ಮೊದಲೇ ನಮ್ಮ ಕಡೆ ತಿರುಗುತ್ತಿದ್ದವು. ಕನ್ನಡದ ಹಣ, ಕನ್ನಡದ ಮಂದಿ, ಆಟ ಮರಾಠಿ. ಕನ್ನಡದಲ್ಲಿ ನಾಟಕವೇ ಸಾಧ್ಯವಿಲ್ಲ ಎಂಬ ಮಾತು ಬೇರೆ. 1870ರ ಸುಮಾರಿಗೆ ಚುರಮರಿ ಶೇಷಗಿರಿರಾಯರು ‘ಶಾಕುಂತಲ’ವನ್ನು ನಮ್ಮ ಭಾಗದ ಕನ್ನಡಕ್ಕೆ, ಹಾಡುವ ಪದಗಳ ಸಮೇತ ತಂದರು. ಕಿರ್ಲೋಸ್ಕರರ ‘ಶಾಕುಂತಲ’ಕ್ಕಿಂತ ಇದು ಸುಮಾರು ಹತ್ತು ವರ್ಷ ಹಿರಿಯದು. ಅದೇ ದಶಕದಲ್ಲಿ ಸಕ್ಕರಿ ಬಾಳಾಚಾರ್ಯರು, ನಾವು ಶಾಂತಕವಿ ಎಂದು ಕರೆಯುವವರು, ಇನ್ನೂ ಇಪ್ಪತ್ತರ ಆಸುಪಾಸಿನ ಶಾಲಾ ಮಾಸ್ತರ, ಗದಗದಲ್ಲಿ ಕೃತಪುರ ನಾಟಕ ಮಂಡಳಿ ಕಟ್ಟಿ ‘ಉಷಾಹರಣ’ ಆಡಿಸಿದರು. ಕನ್ನಡಕ್ಕೆ ರಂಗ ಬೇಕು ಎಂದು ಬಡಿದಾಡಿದ ಆ ಮನುಷ್ಯನಿಗೆ ನಾವು ಎಷ್ಟು ಋಣಿಯಾಗಿದ್ದರೂ ಸಾಲದು. ಅವರ ತಂಡ ಮುಗ್ಗರಿಸಿದರೂ ಅವರ ಬೆನ್ನ ಹಿಂದೆ ಧಾರವಾಡ, ಹಲಗೇರಿ, ಕೊಣ್ಣೂರು, ಶಿರಹಟ್ಟಿ ಎಂದು ಊರುಗಳೇ ಕಂಪನಿಗಳ ಹೆಸರಾದವು.

ಈ ಕನ್ನಡ ಕಂಪನಿಗಳ ಹಾಡಿನ ಪುಸ್ತಕಗಳನ್ನು ತೆರೆದರೆ ಪ್ರತಿ ಪದದ ನೆತ್ತಿಯ ಮೇಲೆ ಸಣ್ಣಕ್ಷರದಲ್ಲಿ ಒಂದು ಸಾಲು ಇರುತ್ತದೆ: ಇಂಥ ಪದದ ಮಟ್ಟು. ಅಲ್ಲಿರುವುದು ಎಷ್ಟೋ ಸಲ ಮರಾಠಿ ಪದದ ಮೊದಲ ಶಬ್ದಗಳು, ಕೆಲವೊಮ್ಮೆ ಪಾರಸಿ ಕಂಪನಿಯ ಗಜಲಿನವು, ಕೆಲವೊಮ್ಮೆ ದಾಸರ ಪದದವು. ಸಿಟ್ಟಿನಿಂದ ಕಟ್ಟಿದ ಮಂಡಳಿಯೂ ಕೇಳಿ ಮೆಚ್ಚಿದ ರಾಗವನ್ನು ಕೈಬಿಡಲಿಲ್ಲ. ನನಗೆ ಇದರಲ್ಲಿ ದೈನ್ಯ ಕಾಣುವುದಿಲ್ಲ. ನೆಲದ ಮೇಲೆ ಕೂತು ಮರಾಠಿ ಪದಗಳನ್ನು ಬಾಯಿಪಾಠ ಮಾಡಿದ್ದ ಮಂದಿಗೆ ಅದೇ ಮಟ್ಟಿನಲ್ಲಿ ಅರ್ಥವಾಗುವ ಮಾತನ್ನು ಕೊಟ್ಟದ್ದು ದೊಡ್ಡ ಉಪಕಾರ.

ಆ ಕೆಲಸ ಎಷ್ಟು ಕಠಿಣವೆಂಬುದು ಕೂತು ಮಾಡಿದವರಿಗೆ ಗೊತ್ತು. ಸಂಗೀತ ನಾಟಕದ ಪದದಲ್ಲಿ ಸಾಲಿನ ಕೊನೆಗೆ ಸ್ವರ ನಿಲ್ಲಬೇಕು, ಅಲ್ಲಿಂದ ತಾನು ಹೊರಡಬೇಕು. ಹಾಗೆ ನಿಲ್ಲಲು ಬಾಯಿ ತೆರೆದ ಅಕ್ಷರ ಬೇಕು, ‘ಆ’ ಅಥವಾ ‘ಏ’. ಮರಾಠಿಯಲ್ಲಿ ಅಂಥ ದೀರ್ಘದಲ್ಲಿ ಮುಗಿಯುವ ಶಬ್ದಗಳು ಹೇರಳ. ಕನ್ನಡದ ನಮ್ಮ ದಿನದ ಶಬ್ದಗಳು ಬಹುಪಾಲು ಹ್ರಸ್ವ ‘ಉ’ಕಾರಕ್ಕೋ ‘ಇ’ಕಾರಕ್ಕೋ ಬಂದು ಮುಗಿಯುತ್ತವೆ: ಬಂತು, ಹೋಯಿತು, ಕಣ್ಣು, ನೋಡಿ, ಹಾಡಿ. ‘ಉ’ ಮೇಲೆ ತಾರಷಡ್ಜ ಹಿಡಿದು ನೋಡಿ, ತುಟಿ ಮುಚ್ಚಿಕೊಂಡು ದನಿ ಒಳಗೇ ಉಳಿಯುತ್ತದೆ. ಅದಕ್ಕೆ ನಾಟಕದ ಕವಿಗಳು ಸಾಲಿನ ತುದಿಗೆ ಸಂಬೋಧನೆಗಳನ್ನು ತಂದು ಕೂಡಿಸಿದರು: ರಮಣಾ, ದೇವಾ, ಸಖಿಯೇ, ಪ್ರಿಯೇ. ಕಂಪನಿ ನಾಟಕದ ಪದಗಳಲ್ಲಿ ಯಾಕೆ ಎಲ್ಲರೂ ಎಲ್ಲರನ್ನೂ ಕೂಗಿ ಕರೆಯುತ್ತಿರುತ್ತಾರೆ ಎಂದು ಕೇಳುವ ತರುಣರಿಗೆ ನಾನು ಪೇಟಿಯ ಮೇಲೆ ಸ್ವರ ಹಿಡಿದು ತೋರಿಸುತ್ತೇನೆ.

ಒತ್ತಕ್ಷರದ ತೊಡಕು ಬೇರೆ. ಬಿಟ್ಟು, ಕೊಟ್ಟು, ಹತ್ತಿ, ಎತ್ತಿ ಎಂಬಲ್ಲಿ ದನಿ ಒಂದು ಕ್ಷಣ ಕತ್ತರಿಸುತ್ತದೆ. ಲಾವಣಿಯಲ್ಲಿ ಡಪ್ಪಿನ ಹೊಡೆತಕ್ಕೆ ಅದು ಸೊಗಸು. ಭೀಮಪಲಾಸಿಯ ಮೀಂಡಿನ ನಡುವೆ ಬಂದರೆ ಎಳೆ ಹರಿದಂತೆ. ಹಾಗಾಗಿ ಕವಿಗಳು ಸಂಸ್ಕೃತ ಶಬ್ದಗಳ ಕಡೆ ವಾಲಿದರು. ಪ್ರಾಸವೂ ಜಾಗ ಬದಲಿಸಿತು. ಹಳೆಯ ಕನ್ನಡ ಪದ್ಯಕ್ಕೆ ಪ್ರಾಸ ಸಾಲಿನ ಎರಡನೆಯ ಅಕ್ಷರಕ್ಕೆ. ಮರಾಠಿಯ ಮಟ್ಟು ಅದನ್ನು ಸಾಲಿನ ಕೊನೆಗೆ ಬೇಡುತ್ತಿತ್ತು. ಕನ್ನಡ ನಾಟಕದ ಪದಗಳು ಕಾವ್ಯವಾಗಿ ಸೊರಗಿವೆ ಎಂದು ವಿಮರ್ಶಕರು ಬರೆದಾಗ ನನಗೆ ನೋವಾಗುತ್ತದೆ. ಓದುವ ಕಣ್ಣಿಗೆ ಅವು ಸೊರಗಿದಂತೆ ಕಂಡಾವು. ಹಾಡುವ ಗಂಟಲಿಗೆ ಹೊಂದುವಂತೆ ಅಕ್ಷರಕ್ಕಕ್ಷರ ತೂಗಿ ಕಟ್ಟಿದವು ಅವು. ಬರೆದವರಲ್ಲಿ ಎಷ್ಟೋ ಮಂದಿಯ ಹೆಸರು ಪುಸ್ತಕದ ರಟ್ಟಿನ ಮೇಲೂ ಉಳಿದಿಲ್ಲ.

ಕನ್ನಡದ ಗಂಟಲು ಮರಾಠಿ ರಂಗಕ್ಕೆ ಹೋದದ್ದೂ ಉಂಟು. ಕುಂದಗೋಳದ ರಾಮಭಾವು ಮೀರಜಿನ ಕಡೆಯ ಅಬ್ದುಲ್ ಕರೀಂ ಖಾನರಲ್ಲಿ ಕಲಿತು, ಗುರುವಿಗೆ ಇಷ್ಟವಿಲ್ಲದಿದ್ದರೂ ಮರಾಠಿ ನಾಟಕ ಮಂಡಳಿ ಸೇರಿದರು. ಸುಭದ್ರೆಯ ಪಾತ್ರದಲ್ಲಿ ಅವರ ಹಾಡು ಕೇಳಿ ಅಮರಾವತಿಯಲ್ಲಿ ದಾದಾಸಾಹೇಬ ಖಾಪರ್ಡೆಯವರು ‘ಸವಾಯಿ ಗಂಧರ್ವ’ ಎಂದು ಕರೆದರು. ಆ ಹೆಸರೇ ನಿಂತಿತು. ವಿದರ್ಭದ ಅಮರಾವತಿಗೂ ಕುಂದಗೋಳಕ್ಕೂ ಎಷ್ಟು ದೂರ! ಬಾಲಗಂಧರ್ವರ ಭಕ್ತರೇ ತುಂಬಿದ್ದ ಮರಾಠಿ ಸೀಮೆಯಲ್ಲಿ ಕನ್ನಡ ಮನೆಯ ಹುಡುಗನೊಬ್ಬ ಸುಭದ್ರೆಯಾಗಿ ಗೆದ್ದ. ನಾಟಕ ಬಿಟ್ಟು ಬಂದ ಮೇಲೆ ಗಂಗೂಬಾಯಿ ಹಾನಗಲ್ಲರಿಗೂ ಭೀಮಸೇನ ಜೋಶಿಯವರಿಗೂ ಅವರೇ ಗುರುವಾದರು. ಇತ್ತ ಮಲ್ಲಿಕಾರ್ಜುನ ಮನಸೂರರೂ ಬಸವರಾಜ ರಾಜಗುರುಗಳೂ ಹುಡುಗರಾಗಿದ್ದಾಗ ವಾಮನರಾವ್ ಮಾಸ್ತರರ ಕನ್ನಡ ಕಂಪನಿಯಲ್ಲಿ ಬಣ್ಣ ಹಚ್ಚಿದವರು.

ಮೈಸೂರಿನ ಕಥೆ ಬೇರೆ ಲೇಖನಕ್ಕೆ ಸೇರಿದ್ದು. ಅಲ್ಲಿಯೂ 1880ರ ಆಸುಪಾಸಿನಲ್ಲಿ ಸಾಂಗ್ಲಿಯ ಮಂಡಳಿ, ಪಾರಸಿ ಕಂಪನಿಗಳು ಬಂದು ಆಡಿದ ಮೇಲೆಯೇ ಚಾಮರಾಜೇಂದ್ರ ಒಡೆಯರ ಅರಮನೆಯ ಕನ್ನಡ ನಾಟಕ ಸಭೆ ಹುಟ್ಟಿತು, ಬಸವಪ್ಪ ಶಾಸ್ತ್ರಿಗಳ ‘ಶಾಕುಂತಲ’ ರಂಗಕ್ಕೆ ಬಂತು ಎಂದಷ್ಟೇ ಹೇಳುತ್ತೇನೆ. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ಕಂಪನಿ ವೀರಣ್ಣನವರ ಕೈಗೆ ಬಂದ ಮೇಲೆ ಆಂಧ್ರ, ತಮಿಳು ಸೀಮೆಗಳಿಗೂ ಹೋಗಿ ಆ ಭಾಷೆಗಳಲ್ಲೂ ನಾಟಕ ಆಡಿತು. 1934ರ ‘ಕುರುಕ್ಷೇತ್ರ’ದಲ್ಲಿ ಜೀವಂತ ಆನೆ, ಕುದುರೆಗಳನ್ನೇ ರಂಗಕ್ಕೆ ತಂದರು. ಬಳ್ಳಾರಿಯ ರಾಘವರಂಥವರು ತೆಲುಗು, ಕನ್ನಡ ಎರಡರಲ್ಲೂ ಪಾತ್ರ ಮಾಡಿ ಎರಡೂ ಕಡೆಯವರಿಗೆ ನಮ್ಮವರೆನಿಸಿಕೊಂಡರು.

ಮೀರಜಿನ ಕಡೆ ಕನ್ನಡ ರಂಗಗೀತೆಗಳ ಸಂಜೆಗೆ ನಾನು ಪದಗಳನ್ನು ಆರಿಸುವಾಗ ಈ ಹಿರಿಯರ ಪದ್ಧತಿಯನ್ನೇ ಹಿಡಿಯುತ್ತೇನೆ. ನಿರೂಪಕರು ಮರಾಠಿಯಲ್ಲಿ ಎರಡು ಮಾತು ಹೇಳಿದರೆ ಸಾಕು: ಸೀತೆ ಅಶೋಕವನದಲ್ಲಿದ್ದಾಳೆ, ಹನುಮಂತ ಇನ್ನೂ ಬಂದಿಲ್ಲ. ಅರ್ಥ ಬಿಡಿಸಿ ಹೇಳುತ್ತ ಕೂತರೆ ಹಾಡು ಬರುವ ಹೊತ್ತಿಗೆ ಜನರ ಗಮನ ಹರಿದುಹೋಗಿರುತ್ತದೆ. ಮರಾಠಿ ಮಟ್ಟಿನ ಕನ್ನಡ ಪದವೊಂದನ್ನು ಮೊದಲ ಮೂರರಲ್ಲಿ ಇಡುತ್ತೇನೆ. ಪೇಟಿಯಲ್ಲಿ ಸಾಲು ಬಿಡಿಸುತ್ತಿದ್ದ ಹಾಗೆಯೇ ಮುಂದಿನ ಸಾಲಿನ ಮುದುಕರು ತಲೆ ಎತ್ತುತ್ತಾರೆ. ಕನ್ನಡ ಶಬ್ದ ಕಿವಿಗೆ ಬಿದ್ದಾಗ ತಮ್ಮ ಪದವೇ ಇನ್ನೊಂದು ಮಾತಿನಲ್ಲಿ ಬಂದದ್ದು ತಿಳಿದು ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತಾರೆ. ಆಮೇಲೆ ಅವರು ಕೇಳದ ನಮ್ಮ ಸಣ್ಣಾಟದ ಪದ, ಪಾರಿಜಾತದ ಪದ ಹಾಡಿದರೂ ಜೊತೆಗೆ ಬರುತ್ತಾರೆ. ಒಂದು ಪದವನ್ನಾದರೂ ಎರಡು ಸಲ ಹಾಡಿಸುತ್ತೇನೆ.

ಗದಗ, ಧಾರವಾಡ, ಬಾಗಲಕೋಟೆಯ ಹಳೆಯ ಮನೆಗಳ ಅಟ್ಟದಲ್ಲಿ ಕಂಪನಿಗಳ ಹಾಡಿನ ಪುಸ್ತಕಗಳು ಇನ್ನೂ ಸಿಗುತ್ತವೆ. ತೆಳುವಾದ ಕಾಗದ, ಮುಟ್ಟಿದರೆ ಪುಡಿಯಾಗುವಂಥವು. ಮನೆಯವರು ರದ್ದಿಗೆ ಹಾಕಿಬಿಡುತ್ತಾರೆ. ಅವುಗಳಲ್ಲಿ ಸ್ವರಲಿಪಿ ಇಲ್ಲ, ಹಾಡಿದವರು ಹೋಗಿದ್ದಾರೆ, ಆದ್ದರಿಂದ ಹಾಡು ಸತ್ತಂತೆ ಎಂದು ತಿಳಿಯುತ್ತಾರೆ. ಆದರೆ ನೆತ್ತಿಯ ಮೇಲಿನ ಆ ಸಣ್ಣಕ್ಷರದ ಮಟ್ಟಿನ ಸಾಲು ಇದೆ. ಅದು ಹೇಳುವ ಮರಾಠಿ ಪದಗಳಲ್ಲಿ ಅನೇಕವು ಬಾಲಗಂಧರ್ವರ, ಸವಾಯಿ ಗಂಧರ್ವರ ಧ್ವನಿಮುದ್ರಿಕೆಗಳಲ್ಲಿ ಉಳಿದಿವೆ. ತಟ್ಟೆಯನ್ನು ಹಚ್ಚಿ, ಪುಸ್ತಕವನ್ನು ಎದುರಿಗಿಟ್ಟು ಕೂತರೆ ಕನ್ನಡ ಪದ ಅಕ್ಷರ ತಪ್ಪದೆ ಮಟ್ಟಿನೊಳಗೆ ಕೂಡುತ್ತದೆ. ಹೀಗೆ ಕೆಲವನ್ನು ನಾನೂ ನನ್ನ ಜೊತೆಯ ಗಾಯಕರೂ ಕೂಡಿಸಿ ಹಾಡಿದ್ದೇವೆ. ಮನೆಯಲ್ಲಿ ಅಂಥ ಪುಸ್ತಕ ಇದ್ದವರು ರದ್ದಿಯವನಿಗೆ ಕೊಡುವ ಮುಂಚೆ ಹತ್ತಿರದ ಯಾವುದಾದರೂ ಪೇಟಿ ಮಾಸ್ತರನಿಗೆ ಒಮ್ಮೆ ತೋರಿಸಬೇಕೆಂದು ಕೇಳಿಕೊಳ್ಳುತ್ತೇನೆ.